ದ್ರಾಕ್ಷಿಗೂ ಲ್ಯಾಬು, ಆ್ಯಂಟಿವೈರಸ್ಸಿಗೂ ಲ್ಯಾಬು

ನಾಸಿಕದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ದಿಂಡೋರಿ. ಎತ್ತ ನೋಡಿದರೂ ದ್ರಾಕ್ಷಿ ಚಪ್ಪರ. ವಿಜಯಪುರ ಕಡೆಯ ನನ್ನಂಥವನಿಗೆ ಊರು ಬಿಟ್ಟು ಬಂದೆನೆಂದೇ ಅನಿಸುವುದಿಲ್ಲ. ಅಲ್ಲೊಂದು ಪ್ಯಾಕ್‌ಹೌಸಿನಲ್ಲಿ ಲೆಕ್ಕ ಬರೆಯುವ ನನ್ನ ಅಕ್ಕನ ಮಗ ಈ ಸಲ ದ್ರಾಕ್ಷಿಯ ಸುದ್ದಿಯನ್ನೇ ಎತ್ತಲಿಲ್ಲ. ಟ್ಯಾಲಿ, ರಫ್ತಿನ ಕಾಗದಪತ್ರ ಎಲ್ಲ ತುಂಬಿಕೊಂಡ ಒಂದೇ ಒಂದು ಕಂಪ್ಯೂಟರು; ಅದರ ಮೂಲೆಯಲ್ಲಿ ಆ್ಯಂಟಿವೈರಸ್ ಅವಧಿ ಮುಗಿಯಿತೆಂದು ಕೆಂಪು ಚೌಕವೊಂದು ಏಳುತ್ತಿತ್ತು. ಹುಡುಗ ಮೊಬೈಲಿನಲ್ಲಿ ಆ್ಯಂಟಿವೈರಸ್ ಲ್ಯಾಬೊಂದರ ಅಂಕಪಟ್ಟಿ ತೆಗೆದಿಟ್ಟುಕೊಂಡೇ ಕೂತಿದ್ದ.

‘ಮಾಮಾ, ಇದರಾಗ ಫಸ್ಟ್ ಬಂದದ್ದನ್ನ ಹಾಕಿಸಿಬಿಡ್ಲ್ಯಾ?’

ಲ್ಯಾಬ್ ವರದಿ ಎಂದರೇನೆಂದು ದಿಂಡೋರಿಯವರಿಗೆ ಹೇಳಿಕೊಡಬೇಕಿಲ್ಲ. ಯುರೋಪಿಗೆ ಹೋಗುವ ದ್ರಾಕ್ಷಿಯ ತೋಟ ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೇಡಾದ ಗ್ರೇಪ್‌ನೆಟ್‌ನಲ್ಲಿ ನೋಂದಣಿಯಾಗಿರಬೇಕು. ಲ್ಯಾಬಿನವರೇ ತೋಟಕ್ಕೆ ಬಂದು ಸ್ಯಾಂಪಲ್ ಕೊಯ್ದು ಒಯ್ಯುತ್ತಾರೆ. ಔಷಧದ ಅಂಶ ಮಿತಿಯೊಳಗಿದ್ದರೆ ಮಾತ್ರ ಪೆಟ್ಟಿಗೆ ಹೊರಡುತ್ತದೆ. ಇಷ್ಟಿದ್ದೂ 2010ರಲ್ಲಿ ನಮ್ಮ ದ್ರಾಕ್ಷಿ ಯುರೋಪಿನಲ್ಲಿ ಸಿಕ್ಕಿಬಿತ್ತು. ಕಾರಣ ಕ್ಲೋರ್‌ಮೆಕ್ವಾಟ್ ಕ್ಲೋರೈಡ್, ರೈತರ ಬಾಯಲ್ಲಿ ‘ಸಿಸಿಸಿ’. ಬಳ್ಳಿ ಅತಿಯಾಗಿ ಚಿಗುರದಂತೆ ಹೊಡೆಯುವ ಔಷಧ. ಅಲ್ಲಿನ ಆಗಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ. ಇಲ್ಲಿನ ಲ್ಯಾಬುಗಳು ನೋಡಬೇಕಾದ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ವರದಿಯೇನೂ ಸುಳ್ಳಲ್ಲ. ಹುಡುಕಿದ್ದು ಇರಲಿಲ್ಲ, ಹುಡುಕದೇ ಬಿಟ್ಟದ್ದು ಪೆಟ್ಟಿಗೆಯೊಳಗೆ ಕೂತು ಸಮುದ್ರ ದಾಟಿತ್ತು.

ಆ್ಯಂಟಿವೈರಸ್ಸಿನ ಲ್ಯಾಬುಗಳೂ ಹೀಗೆಯೇ. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಎವಿ-ಕಂಪ್ಯಾರೆಟಿವ್ಸ್, ಇಂಗ್ಲೆಂಡಿನಲ್ಲಿ ವೈರಸ್ ಬುಲೆಟಿನ್. ಕೆಲಸ ಗೊತ್ತಿದ್ದವರೇ. ಎವಿ-ಟೆಸ್ಟ್‌ನವರು ರಕ್ಷಣೆ, ವೇಗ, ಬಳಕೆಯ ಸಲೀಸು ಎಂದು ಆರಾರು ಅಂಕ ಕೊಡುತ್ತಾರೆ, ಒಟ್ಟು 18. ಸಲೀಸು ಎಂದರೆ ಮುಖ್ಯವಾಗಿ ಕಳ್ಳನಲ್ಲದವನನ್ನು ಕಳ್ಳನೆಂದು ಕೂಗದಿರುವುದು.

‘ಸ್ಯಾಂಪಲ್ ಯಾರ್ ಒಯ್ತಾರ ಮಾಮಾ? ಲ್ಯಾಬಿನವರೋ, ಕಂಪನಿಯವರೋ?’

ದಿಂಡೋರಿಯಲ್ಲಿ ಇದ್ದವನಿಗೇ ಹೊಳೆಯುವ ಪ್ರಶ್ನೆ. 2015ರಲ್ಲಿ ಈ ಮೂರೂ ಸಂಸ್ಥೆಗಳು ಒಟ್ಟಾಗಿ ಚೀನಾದ ಚಿಹೂ 360 ಕಂಪನಿಗೆ ಆ ವರ್ಷ ಕೊಟ್ಟಿದ್ದ ಮಾನ್ಯತೆಗಳನ್ನು ಹಿಂತೆಗೆದುಕೊಂಡವು. ಪರೀಕ್ಷೆಗೆ ಕಳಿಸಿದ ಆವೃತ್ತಿಯಲ್ಲಿ ಬಿಟ್‌ಡಿಫೆಂಡರ್‌ನಿಂದ ಪಡೆದ ಎಂಜಿನ್ ಓಡುತ್ತಿತ್ತು. ಚೀನಾದ ಜನರ ಕಂಪ್ಯೂಟರಿನಲ್ಲಿ ಅದು ಆಫ್ ಆಗಿದ್ದು, ಕಂಪನಿಯ ಸ್ವಂತ ಎಂಜಿನ್ ಕೆಲಸ ಮಾಡುತ್ತಿತ್ತು. ಬುಟ್ಟಿಯ ಮೇಲೆ ಒಳ್ಳೆಯ ಗೊಂಚಲಿಟ್ಟು ಮಾರುವುದು ಸಂತೆಯಲ್ಲಷ್ಟೇ ಅಲ್ಲ. ಆದರೆ ಬಯಲಿಗೆಳೆದವರೂ ಅದೇ ಲ್ಯಾಬಿನವರು, ಅದೂ ಪರೀಕ್ಷೆಯ ಶುಲ್ಕ ಕಟ್ಟುವ ಕಂಪನಿಗಳ ಪೈಕಿ ಒಂದನ್ನು. ಹಾಗಾಗಿ ಅಂಕಪಟ್ಟಿಯನ್ನು ಪೂರಾ ತಿಪ್ಪೆಗೆ ಎಸೆಯಲು ನನಗೆ ಮನಸ್ಸಿಲ್ಲ.

ಮೊದಲ ಸ್ಥಾನದ ಹುಚ್ಚನ್ನು ಮಾತ್ರ ಬಿಡಬೇಕು. 400 ಮಾದರಿಗಳ ಪರೀಕ್ಷೆಯಲ್ಲಿ 99.5ಕ್ಕೂ 99ಕ್ಕೂ ಇರುವ ಅಂತರ ಎರಡೇ ಎರಡು ಮಾದರಿ. ಮುಂದಿನ ಸುತ್ತಿನಲ್ಲಿ ಅದು ತಿರುಗಾಮುರುಗಾ ಆಗಬಹುದು. ಮೈಕ್ರೋಸಾಫ್ಟಿನ ಸೆಕ್ಯುರಿಟಿ ಎಸೆನ್ಷಿಯಲ್ಸ್ 2012ರಲ್ಲಿ ಎವಿ-ಟೆಸ್ಟ್‌ನ ಮಾನ್ಯತೆಯನ್ನೇ ಕಳೆದುಕೊಂಡಿತ್ತು. ಅದೇ ಕಂಪನಿಯ ಡಿಫೆಂಡರ್ 2019ರಲ್ಲಿ 18ಕ್ಕೆ 18 ತೆಗೆಯಿತು. ಒಂದೆರಡು ವರ್ಷದ ಪಟ್ಟಿ ಒಟ್ಟಿಗಿಟ್ಟು ನೋಡಿದರೆ ಯಾವುದು ಮತ್ತೆಮತ್ತೆ ಕೆಳಗೆ ಬೀಳುತ್ತಿದೆ ಎಂದು ತಿಳಿಯುತ್ತದೆ. ಜೊಳ್ಳು ತೂರಲು ಅಷ್ಟು ಸಾಕು.

ಒಂದೇ ಕಂಪ್ಯೂಟರಿರುವ ಆಫೀಸಿನವರು ರಕ್ಷಣೆಯ ಅಂಕಕ್ಕಿಂತ ತಪ್ಪು ಕೂಗಿನ ಕಾಲಮ್ಮನ್ನೇ ಮೊದಲು ನೋಡಬೇಕೆನ್ನುವುದು ನನ್ನ ವಾದ. ಸಿಸಿಸಿ ಗಲಾಟೆಯ ವರ್ಷವೇ, 2010ರ ಏಪ್ರಿಲ್ 21ರಂದು, ಮೆಕಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯದೇ ಮುಖ್ಯ ಫೈಲೊಂದನ್ನು ವೈರಸ್ಸೆಂದು ಹಿಡಿಯಿತು. ಜಗತ್ತಿನ ಎಷ್ಟೋ ಆಫೀಸುಗಳಲ್ಲಿ ಕಂಪ್ಯೂಟರುಗಳು ಆಫ್ ಆಗಿ ಆನ್ ಆಗಿ ಮತ್ತೆ ಆಫ್ ಆಗುತ್ತ ಕೂತವು. ಕಂಟೇನರ್ ತುಂಬುವ ದಿನ ಹೀಗಾದರೆ?

ಇನ್ನು ಪಟ್ಟಿಯಲ್ಲೇ ಇಲ್ಲದ್ದು. ಮುಂಬೈನ ಇ-ಸ್ಕ್ಯಾನ್ ಆ್ಯಂಟಿವೈರಸ್ಸಿನ ಅಪ್‌ಡೇಟ್ ಬರುವ ದಾರಿಯಲ್ಲೇ ಕಳ್ಳರು ಹೊಂಚುಹಾಕಿ, ಅದರ ಜಾಗದಲ್ಲಿ ತಮ್ಮ ಗಂಟನ್ನು ತೂರಿಸುತ್ತಿದ್ದರೆಂದು ಅವಾಸ್ಟ್ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹೊರಗೆಡವಿತು. ಅಪ್‌ಡೇಟ್ ಸಾದಾ ಎಚ್‌ಟಿಟಿಪಿಯಲ್ಲಿ ಬರುತ್ತಿತ್ತು, ಬೀಗವಿಲ್ಲದ ಲಾರಿಯ ಹಾಗೆ. ಸುದ್ದಿ ಹೊರಬೀಳುವ ಮೊದಲೇ ದೂರು ಹೋಗಿ, 2023ರಲ್ಲಿ ಕಂಪನಿ ಅದನ್ನು ಸರಿಪಡಿಸಿತ್ತು. ಎಷ್ಟು ವೈರಸ್ ಹಿಡಿಯಿತೆಂದು ಎಣಿಸುವ ಪಟ್ಟಿಯಲ್ಲಿ ಲಾರಿಯ ಬೀಗಕ್ಕೆ ಕಾಲಮ್ಮಿಲ್ಲ.

ಹುಡುಗ ಫೋನು ಕೆಳಗಿಟ್ಟ. ಅವಧಿ ಮುಗಿದದ್ದನ್ನು ತೆಗೆದುಹಾಕಿ, ವಿಂಡೋಸ್ ಜೊತೆಗೇ ಬಂದ ಡಿಫೆಂಡರ್ ಚಾಲೂ ಮಾಡಿದ. ಉಳಿದ ದುಡ್ಡಿಗೆ ಒಂದು ಹಾರ್ಡ್‌ಡಿಸ್ಕ್ ತಂದ. ಸಂಜೆ ಲೆಕ್ಕವೆಲ್ಲ ಅದಕ್ಕೆ ಕಾಪಿ ಮಾಡಿ, ಕೇಬಲ್ ಕಿತ್ತು, ಲ್ಯಾಬ್ ವರದಿಗಳ ಫೈಲು ಇಡುವ ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ತಿರುವಿದ.