ಮನೆಯೊಳಗಣ ಅಂಚೆ

ಭಟ್ಕಳದಿಂದ ಹೊರಟು ಹೊನ್ನಾವರವನ್ನು ಹಾದು ಕುಮಟೆಯವರೆಗೆ, ರಾಷ್ಟ್ರೀಯ ಹೆದ್ದಾರಿ 66ರ ಇಕ್ಕೆಲಗಳಲ್ಲಿಯೂ ಗದ್ದೆತೋಟಗಳ ನಡುವೆಯೂ ಇರುವ ಮನೆಗಳಲ್ಲಿ, ಪರವೂರಿನ ಪತ್ರಕ್ಕಾಗಿ ಕಾಯದಿರುವ ಮನೆಯನ್ನು ಕಾಣುವುದು ಕಷ್ಟ. ಭಟ್ಕಳದ ನವಾಯತ ಮನೆತನಗಳ ಮಕ್ಕಳು ದುಬೈಯಲ್ಲಿಯೋ ಜೆದ್ದಾದಲ್ಲಿಯೋ ದುಡಿಯುತ್ತಾರೆ. ಹೊನ್ನಾವರ ಕುಮಟೆಗಳ ತರುಣರು ಬೆಂಗಳೂರನ್ನೋ ಮುಂಬಯಿಯನ್ನೋ ಸೇರಿದ್ದಾರೆ. ವೀಸಾದ ಪ್ರತಿ, ಕಾಲೇಜಿನ ಅಂಕಪಟ್ಟಿ, ವಿಮೆಯ ರಸೀದಿ, ಹಿಸ್ಸೆಪತ್ರದ ಕರಡು, ಇವೆಲ್ಲವೂ ಈಗ ಬರುವುದು ಇಮೇಲಿನ ಮೂಲಕ. ಬರುತ್ತವೆಂದು ನಾವು ಹೇಳುತ್ತೇವಾದರೂ ವಾಸ್ತವವಾಗಿ ಆ ಪತ್ರಗಳು ಮನೆಯ ಹೊಸಿಲನ್ನು ದಾಟುವುದೇ ಇಲ್ಲ. ಎಲ್ಲಿಯೋ ಇರುವ ಯಾವುದೋ ಕಂಪನಿಯ ಯಂತ್ರದಲ್ಲಿ ಅವು ನಿಂತಿರುತ್ತವೆ, ನಾವು ಅಲ್ಲಿಯೇ ಓದಿ ಅಲ್ಲಿಯೇ ಬಿಟ್ಟು ಬರುತ್ತೇವೆ. ಅಂಗೈಯಗಲದ ಗಣಕಯಂತ್ರವೊಂದನ್ನು ಕಪಾಟಿನ ಮೇಲಿರಿಸಿ ಆ ಪತ್ರಗಳನ್ನು ಮನೆಯೊಳಗೇ ಬರಮಾಡಿಕೊಳ್ಳುವುದು ಸಾಧ್ಯವೆಂದೂ, ಮಳೆಗಾಲದಲ್ಲಿ ದೀಪವೇ ಆರಿಹೋಗುವ ನಮ್ಮ ಕರಾವಳಿಗೂ ಅದು ತಕ್ಕುದೆಂದೂ, ಅಡ್ಡಿಯೆಂಬುದು ಇದ್ದರೆ ಅದು ಆಕಾಶದಿಂದಲ್ಲದೆ ಬೇರೆಡೆಯಿಂದ ಬರುವುದೆಂದೂ ತಿಳಿಸುವುದು ಈ ಬರಹದ ಉದ್ದೇಶ.

ಇಮೇಲ್ ಹುಟ್ಟಿದ ಕಾಲದಲ್ಲಿ ಅದಕ್ಕೆ ದೊಡ್ಡ ಕಂಪನಿಗಳ ಆಶ್ರಯವಿರಲಿಲ್ಲ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಅವರು ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳುಹಿಸಿ, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ @ ಚಿಹ್ನೆಯನ್ನು ನಿಲ್ಲಿಸಿದರು; 1982ರಲ್ಲಿ ಜೊನಾಥನ್ ಪೋಸ್ಟೆಲ್ ಅವರು ಪತ್ರ ಸಾಗಿಸುವ ನಿಯಮಗಳನ್ನು ಎಸ್‌ಎಮ್‌ಟಿಪಿ ಎಂಬ ಹೆಸರಿನಿಂದ ಕ್ರಮಬದ್ಧವಾಗಿ ಬರೆದರು. ಆ ನಿಯಮಗಳ ದೃಷ್ಟಿಯಲ್ಲಿ ಮಹಾಸಂಸ್ಥೆಯ ಯಂತ್ರವೂ ಕುಮಟೆಯ ಮನೆಯೊಂದರ ಯಂತ್ರವೂ ಸಮಾನವೇ. ತರುವಾಯ 1996ರಲ್ಲಿ, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡಗೂಡಿ ಹಾಟ್‌ಮೇಲನ್ನು ತೆರೆದರು. 2004ರಲ್ಲಿ ಜಿಮೇಲು 1 ಗಿಗಾಬೈಟ್ ಸ್ಥಳವನ್ನು ಉಚಿತವಾಗಿ ಕೊಟ್ಟಿತು. ಇವುಗಳಿಂದ ಕೋಟ್ಯಂತರ ಜನರಿಗೆ ಆದ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಇಮೇಲ್ ಎಂದರೆ ಕಂಪನಿಯೊಂದರ ಖಾತೆ ಎಂಬ ಭಾವನೆ ಬೇರೂರಿದುದು ಅಂದಿನಿಂದ.

ಎರಡು ಸರ್ವರುಗಳ ನಡುವಣ ಸಂಭಾಷಣೆಯನ್ನು ಒಮ್ಮೆ ತೆರೆಯ ಮೇಲೆ ಕಣ್ಣಾರೆ ಕಂಡವರು ಅದರ ಸರಳತೆಗೆ ಬೆರಗಾಗದಿರರು. ಕಳುಹಿಸುವ ಯಂತ್ರವು ಪತ್ರಗಳ ಬಾಗಿಲಾದ 25ನೆಯ ಪೋರ್ಟಿಗೆ ಬಂದೊಡನೆ ಮನೆಯ ಯಂತ್ರವು 220 ಎಂಬ ಅಂಕೆಯನ್ನು ಹೇಳಿ ತನ್ನ ಸಿದ್ಧತೆಯನ್ನು ತಿಳಿಸುತ್ತದೆ. ಬಂದ ಯಂತ್ರ ‘ಹೆಲೊ’ ಎಂದು ತನ್ನ ಹೆಸರು ಹೇಳಿ, ‘ಮೇಲ್ ಫ್ರಮ್’ ಎಂದು ಕಳುಹಿಸಿದವರ ವಿಳಾಸವನ್ನೂ ‘ಆರ್‌ಸಿಪಿಟಿ ಟು’ ಎಂದು ಪಡೆಯತಕ್ಕವರ ವಿಳಾಸವನ್ನೂ ಒಪ್ಪಿಸುತ್ತದೆ. ಪ್ರತಿಯೊಂದಕ್ಕೂ 250 ಎಂಬ ಸಮ್ಮತಿ ದೊರೆಯುತ್ತದೆ. ಅನಂತರ ‘ಡೇಟಾ’ ಎಂದು ಹೇಳಿ ಪತ್ರದ ಒಡಲನ್ನು ಸುರಿದು, ಕೊನೆಯಲ್ಲಿ ಒಂದು ಚುಕ್ಕೆಯನ್ನು ಮಾತ್ರ ಒಳಗೊಂಡ ಸಾಲನ್ನು ಕಳುಹಿಸುತ್ತದೆ. ಆ ಒಂಟಿ ಚುಕ್ಕೆಗೆ ಉತ್ತರವಾಗಿ ಮತ್ತೊಮ್ಮೆ 250 ಬಂದಿತೆಂದರೆ ಪತ್ರದ ಹೊಣೆ ಕಳುಹಿಸಿದವರಿಂದ ಪಡೆದವರಿಗೆ ವರ್ಗವಾಯಿತು. ಆ ಉತ್ತರ ಬರುವ ತನಕ ಹೊಣೆಯೆಲ್ಲವೂ ಕಳುಹಿಸಿದವರದೇ. 4ರಿಂದ ಆರಂಭವಾಗುವ ಅಂಕೆ ಬಂದರೆ ‘ಈಗ ಬೇಡ, ಮತ್ತೆ ಬಾ’ ಎಂದೂ, 5ರಿಂದ ಆರಂಭವಾದರೆ ‘ಬರಲೇ ಬೇಡ’ ಎಂದೂ ಅರ್ಥ.

ನಮ್ಮ ಸೀಮೆಗೆ ಈ ಹೊಣೆಗಾರಿಕೆಯ ನಿಯಮವೇ ವರಪ್ರಸಾದ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಈ ನೆಲದಲ್ಲಿ, ಆಷಾಢದ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಮುರಿದುಬಿದ್ದು ರಾತ್ರಿಯಿಡೀ ವಿದ್ಯುತ್ತಿಲ್ಲದೆ ಹೋದರೂ, ಆ ಹೊತ್ತಿನಲ್ಲಿ ಬಂದ ಪತ್ರ ನಾಶವಾಗುವುದಿಲ್ಲ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಮರಳದಿಣ್ಣೆಯನ್ನು ದಾಟಲಾರದ ದೋಣಿಯು ಭರತ ಬರುವ ತನಕ ಹೊರಗೆ ನಿಂತಿರುವಂತೆ, ಪತ್ರವು ಕಳುಹಿಸಿದವರ ಸರ್ವರಿನ ಸಾಲಿನಲ್ಲಿಯೇ ನಿಂತು, ಕೆಲವು ನಿಮಿಷಗಳಿಗೊಮ್ಮೆಯೋ ಗಂಟೆಗೊಮ್ಮೆಯೋ ನಮ್ಮ ಬಾಗಿಲನ್ನು ತಟ್ಟಿ ನೋಡುತ್ತದೆ. ನಾಲ್ಕೈದು ದಿನಗಳವರೆಗಾದರೂ ಹೀಗೆ ಪ್ರಯತ್ನಿಸುವುದು ವಿಹಿತವೆಂದು ನಿಯಮವೇ ಹೇಳುತ್ತದೆ. ಬಹುವಾಗಿ ಬಳಕೆಯಲ್ಲಿರುವ ಪೋಸ್ಟ್‌ಫಿಕ್ಸ್ ತಂತ್ರಾಂಶದ ಸಹಜ ಅವಧಿ 5 ದಿನ. ಬ್ಯಾಂಕಿನ ಒಟಿಪಿಯಂಥ, ಕೆಲವೇ ನಿಮಿಷ ಬಾಳುವ ಸಂದೇಶಗಳಿಗೆ ಈ ತಾಳ್ಮೆ ನಿರುಪಯೋಗಿ, ನಿಜ. ಅವನ್ನು ಮೊಬೈಲಿನ ಸಂಖ್ಯೆಗೆ ಬಿಡತಕ್ಕದ್ದು. ಮಿಕ್ಕ ಪತ್ರಗಳಿಗೆ ಒಂದು ರಾತ್ರಿಯ ಕತ್ತಲೆ ಏನೂ ಅಲ್ಲ.

ಯಂತ್ರದ ವಿಷಯ. ಬ್ರಿಟನ್ನಿನಲ್ಲಿ ಮಕ್ಕಳ ಕಲಿಕೆಗೆಂದು ರೂಪುಗೊಂಡು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಹಲಗೆಯೂ ಅದರ ಅನಂತರದ ತಲೆಮಾರುಗಳೂ ಈ ಕೆಲಸಕ್ಕೆ ಧಾರಾಳವಾಗಿ ಸಾಕು. 5 ವಾಟಿನ ಆಸುಪಾಸಿನಲ್ಲಿ ಹಗಲಿರುಳು ನಡೆದರೂ ತಿಂಗಳಿಗೆ 4 ಯೂನಿಟ್ಟೂ ಖರ್ಚಾಗದು. ಆದುದರಿಂದ ಮನೆಯ ಇನ್ವರ್ಟರಿಗೆ ಅದೊಂದು ಭಾರವೇ ಅಲ್ಲ. ಪತ್ರಗಳನ್ನು ಅದಕ್ಕೆ ಹಾಕುವ ಮೆಮೊರಿ ಕಾರ್ಡಿನಲ್ಲಿ ಇರಿಸಬಾರದು, ಪದೇ ಪದೇ ಬರೆಯುವುದರಿಂದಲೂ ಹಠಾತ್ತನೆ ವಿದ್ಯುತ್ತು ಹೋಗುವುದರಿಂದಲೂ ಕಾರ್ಡು ಬೇಗ ಕೆಡುತ್ತದೆ. ಯುಎಸ್‌ಬಿಯಿಂದ ಜೋಡಿಸುವ ಎಸ್‌ಎಸ್‌ಡಿ ಉತ್ತಮ. ಕಡಲ ಉಪ್ಪುಗಾಳಿ ಲೋಹದ ಸಂಧಿಗಳನ್ನು ತಿನ್ನುವುದರಿಂದ ಕಿಟಕಿಯಿಂದ ದೂರವಾಗಿ, ಆದರೆ ಗಾಳಿಯಾಡುವಂತೆ ಅದನ್ನು ಇರಿಸಬೇಕು. ಸಿಡಿಲಿನ ಭಯ ಮೊದಲಿನಷ್ಟಿಲ್ಲ: ತಾಮ್ರದ ಟೆಲಿಫೋನ್ ತಂತಿಯಿದ್ದ ಕಾಲದಲ್ಲಿ ಗುಡುಗು ಕೇಳಿಸಿದೊಡನೆ ಮೋಡೆಮಿನ ತಂತಿಯನ್ನು ಕೀಳಲು ಓಡಬೇಕಾಗಿತ್ತು, ಈಗಿನ ಫೈಬರು ಗಾಜಿನದಾದುದರಿಂದ ಅದರ ಮೂಲಕ ವಿದ್ಯುತ್ತು ಹರಿಯದು, ಪ್ಲಗ್ಗಿನ ಕಡೆಯ ಎಚ್ಚರಿಕೆ ಮಾತ್ರ ಉಳಿದಿದೆ.

ತಂತ್ರಾಂಶಗಳೆಲ್ಲ ಉಚಿತವಾಗಿಯೂ ಮುಕ್ತವಾಗಿಯೂ ದೊರೆಯುತ್ತವೆ. ಲಿನಕ್ಸಿನ ಮೇಲೆ, ವೀಟ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್ ಪತ್ರಗಳನ್ನು ಪಡೆದು ಸಾಗಿಸುತ್ತದೆ; ಡೋವ್‌ಕಾಟ್ ಅವನ್ನು ಜೋಪಾನವಾಗಿಟ್ಟು ಫೋನಿಗೋ ಲ್ಯಾಪ್‌ಟಾಪಿಗೋ ತೋರಿಸುತ್ತದೆ; ಆರ್‌ಸ್ಪ್ಯಾಮ್‌ಡಿ ಕಸವನ್ನು ಸೋಸುತ್ತದೆ. ಸ್ವಂತದ ಡೊಮೇನ್ ಹೆಸರೊಂದನ್ನು ಕೊಂಡು, ಅದರ ಎಮ್‌ಎಕ್ಸ್ ದಾಖಲೆಯಲ್ಲಿ ‘ಈ ಹೆಸರಿನ ಪತ್ರಗಳು ಇಲ್ಲಿಗೆ ಬರಲಿ’ ಎಂದು ಬರೆಸಿ, 90 ದಿನಗಳಿಗೆ ಸಲ್ಲುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರವು ತಾನಾಗಿಯೇ ನವೀಕರಣಗೊಳ್ಳುವಂತೆ ಏರ್ಪಡಿಸಿದರೆ ಅರ್ಧ ಕೆಲಸ ಮುಗಿಯಿತು. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು: ಯಾರು ಯಾರಿಗೆ ಬೇಕಾದರೂ ನಿಮ್ಮ ಯಂತ್ರದ ಮೂಲಕ ಪತ್ರ ಸಾಗಿಸಬಹುದೆಂಬಂತೆ ಬಾಗಿಲು ತೆರೆದಿಟ್ಟರೆ, ಅದು ವಂಚಕರ ಕೈಸೇರುವುದಕ್ಕೆ ಹೆಚ್ಚು ಹೊತ್ತು ಬೇಕಾಗದು.

ಇನ್ನು ನಿಜವಾದ ಅಡ್ಡಿ. ಐಪಿವಿ4 ಎಂಬ ಹಳೆಯ ಪದ್ಧತಿಯಲ್ಲಿ ಜಗತ್ತಿನ ಯಂತ್ರಗಳಿಗೆಲ್ಲ ಇರುವ ಇಂಟರ್‌ನೆಟ್ ವಿಳಾಸಗಳು ಸುಮಾರು 430 ಕೋಟಿ. ವಿಶ್ವಭಂಡಾರದಲ್ಲಿದ್ದ ಕೊನೆಯ ಗುಚ್ಛಗಳು 2011ರ ಫೆಬ್ರವರಿಯಲ್ಲಿಯೇ ಹಂಚಿಹೋದವು. ಆದಕಾರಣ ಅನೇಕ ಇಂಟರ್‌ನೆಟ್ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಡುತ್ತವೆ. ಅಂಥ ಮನೆಗೆ ಹೊರಗಿನವರು ತಾವಾಗಿ ಬಂದು ಬಾಗಿಲು ತಟ್ಟುವ ದಾರಿಯೇ ಇಲ್ಲ. ಸ್ಥಿರವಿಳಾಸಕ್ಕೆ ಹಣ ತೆತ್ತು ಪಡೆದರೂ ಅಪನಂಬಿಕೆಯೆಂಬ ಮತ್ತೊಂದು ತಡೆ ಎದುರಾಗುತ್ತದೆ. ವೈರಸ್ಸು ತಗುಲಿದ ಮನೆಗಣಕಗಳಿಂದ ಹಿಂದೆ ಸ್ಪ್ಯಾಮ್ ಪ್ರವಾಹದಂತೆ ಹೊರಟ ಕಾರಣ, ಮನೆಗಳ ವಿಳಾಸಗಳನ್ನೆಲ್ಲ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಪಟ್ಟಿಮಾಡಿಟ್ಟಿವೆ. ಆ ಪಟ್ಟಿಯಲ್ಲಿರುವ ವಿಳಾಸದಿಂದ ಹೊರಟ ಪತ್ರವನ್ನು ದೊಡ್ಡ ಸರ್ವರುಗಳು ಓದದೆಯೇ ಹಿಂದಿರುಗಿಸುತ್ತವೆ. ಅದರೊಡನೆ, ವಿಳಾಸದ ಅಂಕೆಯಿಂದ ಹೆಸರನ್ನು ತೋರಿಸುವ ಪಿಟಿಆರ್ ದಾಖಲೆಯನ್ನು ಬರೆಯುವ ಅಧಿಕಾರ ಮನೆಯವರದಲ್ಲ, ಕಂಪನಿಯದು. ನಿರಪರಾಧಿಯಾದ ಗೃಹಸ್ಥನು ನೆರೆಹೊರೆಯ ಅಪಕೀರ್ತಿಯನ್ನು ಹೊರಬೇಕಾಗಿ ಬಂದ ಈ ಸ್ಥಿತಿ ವಿಷಾದಕರ. ಸಮಾನರ ನಡುವಣ ವ್ಯವಹಾರವಾಗಿದ್ದ ಇಮೇಲು ಕೆಲವೇ ಸಂಸ್ಥೆಗಳ ಕೃಪೆಗೆ ಒಳಗಾದುದು ಬಹುಮಟ್ಟಿಗೆ ಈ ಮಾರ್ಗದಿಂದಲೇ.

ಪರಿಹಾರ ಉಂಟು. ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಇರುವ ಡೇಟಾ ಸೆಂಟರಿನಲ್ಲಿ, 25ನೆಯ ಪೋರ್ಟನ್ನು ಬಿಟ್ಟುಕೊಡುವ ಸಣ್ಣ ವರ್ಚುವಲ್ ಸರ್ವರೊಂದನ್ನು ಬಾಡಿಗೆಗೆ ಹಿಡಿದು, ಅಲ್ಲಿಂದ ಮನೆಯ ಯಂತ್ರದವರೆಗೆ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗವನ್ನು ತೆಗೆಯಬೇಕು. ಸುರಂಗವನ್ನು ತೋಡುವುದು ಮನೆಯ ಯಂತ್ರವೇ ಆದುದರಿಂದ ಹಂಚಿಕೆಯ ವಿಳಾಸ ಅದಕ್ಕೆ ಅಡ್ಡಿಯಾಗದು. ಬಾಡಿಗೆಯ ಯಂತ್ರವು ತನ್ನ ಸಾರ್ವಜನಿಕ ವಿಳಾಸಕ್ಕೆ ಬಂದುದನ್ನು ಬಿಚ್ಚದೆ ಒಳಕ್ಕೆ ದಾಟಿಸುತ್ತದೆಯೇ ವಿನಾ ಪತ್ರವನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ; ಗೂಢಲಿಪಿಯಲ್ಲಿ ಬಂದ ಪತ್ರ ಬಿಚ್ಚಿಕೊಳ್ಳುವುದು ಮನೆಯಲ್ಲಿಯೇ. ಹೊರಹೋಗುವ ಪತ್ರಗಳಿಗೆ ಮೂರು ಪುರಾವೆಗಳನ್ನು ಒದಗಿಸುವುದು ಅತ್ಯವಶ್ಯ: ಈ ಹೆಸರಿನಲ್ಲಿ ಯಾವ ಯಂತ್ರಗಳು ಪತ್ರ ಕಳುಹಿಸಬಹುದೆಂದು ಸಾರುವ ಎಸ್‌ಪಿಎಫ್, ಪತ್ರಕ್ಕೆ ಹಾಕುವ ಡಿಕಿಮ್ ಎಂಬ ಗಣಿತದ ಮುದ್ರೆ, ಇವೆರಡೂ ತಪ್ಪಿದ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್. 2024ರ ಫೆಬ್ರವರಿಯಿಂದ ಜಿಮೇಲು ಈ ವಿಷಯದಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿದೆ. ಇಷ್ಟಾದರೂ ಪತ್ರಗಳು ಸ್ಪ್ಯಾಮಿನ ಗೂಡಿಗೆ ಹೋಗುತ್ತಿದ್ದರೆ, ಹೊರಹೋಗುವುದನ್ನು ಮಾತ್ರ ಹೆಸರುವಾಸಿಯಾದ ರಿಲೇ ಸೇವೆಯೊಂದಕ್ಕೆ ಒಪ್ಪಿಸಿಬಿಡುವುದು ಮೇಲೆಂದು ನನ್ನ ಅಭಿಪ್ರಾಯ. ಹೋಗುವ ಪತ್ರ ಹೇಗಿದ್ದರೂ ಇನ್ನೊಬ್ಬರ ಕೈಸೇರತಕ್ಕದ್ದು. ವರ್ಷಾನುವರ್ಷ ಸಂಗ್ರಹವಾಗುವ ಬಂದ ಪತ್ರಗಳು ಮನೆಯಲ್ಲಿರುವುದು ಮುಖ್ಯ.

ಸ್ವಂತ ಸರ್ವರಿನಿಂದ ಇನ್ನೊಂದು ಸಂತೋಷವೂ ಲಭಿಸುತ್ತದೆ. ಕನ್ನಡ ಲಿಪಿಯ .ಭಾರತ ಎಂಬ ಡೊಮೇನು ಈಗ ಇದೆ. @ ಚಿಹ್ನೆಯ ಎಡಬಲಗಳೆರಡೂ ಕನ್ನಡದಲ್ಲಿರುವ ವಿಳಾಸಕ್ಕೆ ಬೇಕಾದ ನಿಯಮಗಳು 2012ರಲ್ಲಿ ಸಿದ್ಧವಾದವು, ಪೋಸ್ಟ್‌ಫಿಕ್ಸ್ 2015ರಿಂದ ಅವನ್ನು ಪಾಲಿಸುತ್ತಿದೆ. ಎಲ್ಲ ಸರ್ವರುಗಳೂ ಅಂಥ ವಿಳಾಸವನ್ನು ಒಪ್ಪದಿರುವುದರಿಂದ ಇಂಗ್ಲಿಷ್ ಅಕ್ಷರದ ವಿಳಾಸವೂ ಜೊತೆಗಿರಲಿ. ಆದರೂ ಅಜ್ಜಿಯ ಹೆಸರನ್ನು ಅಜ್ಜಿಯೇ ಓದಬಲ್ಲ ಲಿಪಿಯಲ್ಲಿ ಬರೆದು ವಿಳಾಸವಾಗಿಸುವ ಅವಕಾಶವನ್ನು ಬಿಡಬೇಕೆಂದು ನನಗೆ ತೋರುವುದಿಲ್ಲ.

ಕೊನೆಯದಾಗಿ ಸಂರಕ್ಷಣೆ. ಮೇಲ್‌ಡಿರ್ ಕ್ರಮದಲ್ಲಿ ಒಂದೊಂದು ಪತ್ರವೂ ಒಂದೊಂದು ಫೈಲಾಗಿರುವುದರಿಂದ ನಕಲು ತೆಗೆಯುವುದು ಸುಲಭ. ಗೂಢಲಿಪಿಯಲ್ಲಿ ಕಟ್ಟಿದ ನಕಲೊಂದು ಶಿರಸಿಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಇರುವ ನೆಂಟರ ಮನೆಗೆ ಪ್ರತಿರಾತ್ರಿ ಹೋಗುತ್ತಿರಲಿ, ಮಳೆಗಾಲಕ್ಕೆ ಮುಂಚೆ ಆ ನಕಲಿನಿಂದ ಪತ್ರಗಳು ಮರಳಿ ಬರುವುವೇ ಎಂದು ಪರೀಕ್ಷಿಸಬೇಕು. ಇಂಥ ಸರ್ವರನ್ನು ಕಟ್ಟುವವರು ಸಾಮಾನ್ಯವಾಗಿ ಎಂಜಿನಿಯರಿಂಗ್ ಓದುವ ಮಗನೋ ಮಗಳೋ. ಓದು ಮುಗಿದೊಡನೆ ಅವರೂ ಗಲ್ಫಿಗೋ ಬೆಂಗಳೂರಿಗೋ ಹೊರಟುಹೋಗುತ್ತಾರೆ. ಡೊಮೇನಿನ ವಾರ್ಷಿಕ ಶುಲ್ಕ ಕಟ್ಟುವುದು ತಪ್ಪಿ ಹೆಸರು ಕೈಬಿಟ್ಟುಹೋದರೆ, ಅದನ್ನು ಕೊಂಡ ಅಪರಿಚಿತನಿಗೆ ಮನೆಯವರ ಮುಂದಿನ ಪತ್ರಗಳೆಲ್ಲವೂ ಸೇರುತ್ತವೆ. ಆದುದರಿಂದ ಶುಲ್ಕದ ದಿನಾಂಕವನ್ನೂ ಪಾಸ್‌ವರ್ಡುಗಳನ್ನೂ ಯಂತ್ರವನ್ನು ಮತ್ತೆ ಚಾಲೂ ಮಾಡುವ ಕ್ರಮವನ್ನೂ ಕಾಗದದ ಮೇಲೆ ಕನ್ನಡದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಪಹಣಿಪತ್ರಗಳಿರುವ ಪೆಟ್ಟಿಗೆಯಲ್ಲಿಯೇ ಇರಿಸಿ, ಮನೆಯಲ್ಲಿ ಉಳಿಯುವವರಿಗೆ ಒಮ್ಮೆ ಓದಿ ಹೇಳಿ ಹೊರಡತಕ್ಕದ್ದು.