ಬಳಗಾನೂರಿನ ಬಯಲಿಗೊಬ್ಬ ರುಮಾಲೆ ಬೇಕು

ಭತ್ತದ ಸುಗ್ಗಿ ಮುಗಿದ ಮೇಲೆ ಸಂಜೆಯ ಹೊತ್ತು ಬಳಗಾನೂರಿನ ಸುತ್ತಣ ಬಯಲಿನಲ್ಲಿ ನಿಂತರೆ ನೆಲಕ್ಕಿಂತ ಆಕಾಶವೇ ಹೆಚ್ಚಾಗಿ ಕಾಣುತ್ತದೆ. ಕೆಳಗೆ ಎರೆಮಣ್ಣಿನ ಕಪ್ಪು, ಕೂಳೆಯ ಮಾಸಲು ಹಳದಿ. ನಡುವೆ ಅಲ್ಲೊಂದು ಇಲ್ಲೊಂದು ಹುಲ್ಲಿನ ಬಣವೆ. ಸೂರ್ಯ ಇಳಿದಂತೆ ಬಣವೆಯ ನೆರಳು ಕಪ್ಪಾಗಿರದೆ ನೇರಳೆಗೆ ತಿರುಗುತ್ತದೆ. ದಿನವೂ ಅದೇ ದಾರಿಯಲ್ಲಿ ಹೋಗುವವರಿಗೆ ಇದು ನೋಡುವಂಥ ಸಂಗತಿ ಎನಿಸುವುದಿಲ್ಲ.

ಫ್ರಾನ್ಸಿನ ಕ್ಲಾಡ್ ಮೊನೆಗೆ ಹಾಗೆನಿಸಿತ್ತು. 1890-91ರಲ್ಲಿ ಆತ ಜಿವರ್ನಿಯ ತನ್ನ ಮನೆಯ ಸಮೀಪದ ಹೊಲದಲ್ಲಿದ್ದ ಬಣವೆಗಳನ್ನೇ ಸುಮಾರು 25 ಚಿತ್ರಗಳಲ್ಲಿ ಬಿಡಿಸಿದ. ಬೆಳಕು ಬದಲಾದಂತೆ ಒಂದು ಕ್ಯಾನ್ವಾಸ್ ಬದಿಗಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದ. ಆತ ಬಿಡಿಸಿದ್ದು ಬಣವೆಯನ್ನಲ್ಲ, ಅದರ ಮೇಲೆ ಬಿದ್ದ ಹೊತ್ತನ್ನು.

ಕನ್ನಡ ನಾಡಿನಲ್ಲಿ ಈ ಕಣ್ಣಿದ್ದವರು ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ (1910-1988). ಚಿತ್ರಕಲೆ ಕಲಿಯುತ್ತಿದ್ದ ತರುಣ ಕುಂಚ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕಿಳಿದರು. ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು, ಶಾಸನಸಭೆಯ ಮೆಟ್ಟಿಲನ್ನೂ ಹತ್ತಿದರು. ಬಣ್ಣಗಳತ್ತ ಪೂರ್ಣವಾಗಿ ಮರಳಿದ್ದು 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ. ಅಧಿಕಾರದ ಸಮೀಪಕ್ಕೆ ಹೋದವರು ಹೀಗೆ ಮರಳುವುದು ಅಪರೂಪ. ಸ್ಟುಡಿಯೊದಲ್ಲಿ ಕೂಡದೆ ಮರದೆದುರೇ ನಿಂತು ಬೆಂಗಳೂರಿನ ಗುಲ್‌ಮೊಹರುಗಳನ್ನು ಬಿಡಿಸಿದರು. ಆ ಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಬರಿಯ ಬಣ್ಣದ ತುಣುಕುಗಳು; ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮೈತುಂಬ ಹೂ ಹೊತ್ತ ಮರ. ಬೆಂಗಳೂರಿನ ರಸ್ತೆಗಳು ಅಗಲವಾಗುತ್ತ ಹೋದಂತೆ ಆ ಚಿತ್ರಗಳು ದಾಖಲೆಗಳೂ ಆಗಿಬಿಟ್ಟವು. ಅವರು ಅದಕ್ಕಾಗಿ ಬರೆದವರಲ್ಲ ಎಂಬುದು ಬೇರೆ ಮಾತು.

ನಮ್ಮ ಬಯಲಿಗೆ ಆ ಭಾಗ್ಯ ಒದಗಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯ ಬಣ್ಣವೇ ಬದಲಾಯಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಹಸಿದ ನೆಲ ಉಂಡಿತು. ಅದರ ಬಗ್ಗೆ ತಕರಾರಿಲ್ಲ. ಆದರೆ ಹಿಂದಿನ ಆ ಬಯಲು ಹೇಗಿತ್ತು, ತೆನೆಗಟ್ಟಿದ ಬಿಳಿಜೋಳದ ಮೇಲೆ ಚಳಿಗಾಲದ ಬೆಳಕು ಹೇಗೆ ಬೀಳುತ್ತಿತ್ತು ಎಂಬುದನ್ನು ಹೇಳುವ ಒಂದು ಚಿತ್ರವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ದೊರೆತ ಬಂಡೆಶಾಸನ ಎರಡು ಸಾವಿರ ವರ್ಷಕ್ಕೂ ಹಿಂದಿನ ಅಶೋಕನ ಹೆಸರನ್ನು ಉಳಿಸಿಕೊಟ್ಟಿದೆ. ನಮ್ಮ ಅಜ್ಜಂದಿರು ಕಂಡ ಸಂಜೆಯನ್ನು ಯಾರೂ ಉಳಿಸಲಿಲ್ಲ.

ಈಗ ಬಣವೆಯ ಸರದಿ. ಕೊಯ್ಲು ಯಂತ್ರ ಇಳಿದ ಹೊಲಗಳಲ್ಲಿ ಹುಲ್ಲು ಅಲ್ಲೇ ಚೆಲ್ಲಿ ಬೀಳುತ್ತದೆ, ಕೆಲವೆಡೆ ಬೆಂಕಿಗೂ ಆಹುತಿಯಾಗುತ್ತದೆ. ಬಣ್ಣದ ಪೆಟ್ಟಿಗೆ ಹಿಡಿದು ಬರುವ ಹುಡುಗನೋ ಹುಡುಗಿಯೋ ಇದ್ದರೆ ತಡಮಾಡದೆ ಬರಲಿ. ಉಳಿದಿರುವ ಬಣವೆಗಳೂ ಮಳೆಗಾಲದ ಹೊತ್ತಿಗೆ ಎತ್ತು, ಎಮ್ಮೆಗಳ ಹೊಟ್ಟೆ ಸೇರಿರುತ್ತವೆ.