ಗಾಲಿಯ ಲೆಕ್ಕ ಬಲ್ಲ ಊರುಗಳು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬರುತ್ತಿದ್ದಂತೆ ಸಿಂಧನೂರು ಸೀಮೆಯ ಟ್ರ್ಯಾಕ್ಟರ್‌ಗಳಿಗೆ ಗಾಲಿ ಬದಲಿಸುವ ಕೆಲಸ ಶುರುವಾಗುತ್ತದೆ. ಭತ್ತದ ಗದ್ದೆಯ ಕೆಸರಿನಲ್ಲಿ ರಬ್ಬರ್ ಟೈರು ಹಿಡಿತ ತಪ್ಪಿ ಹೂತುಹೋಗುತ್ತದೆ. ಅಲ್ಲಿಗೆ ಕಬ್ಬಿಣದ ಪಟ್ಟಿ ಬೆಸೆದು ಮಾಡಿದ ಕೇಜ್‌ವೀಲ್ ಬೇಕು. ಕೆಲವರು ಟೈರನ್ನೇ ಬಿಚ್ಚಿ ಪೂರ್ತಿ ಕೇಜ್‌ವೀಲ್ ಏರಿಸುತ್ತಾರೆ, ಕೆಲವರು ಟೈರಿನ ಪಕ್ಕಕ್ಕೆ ಅರ್ಧ ಕೇಜ್‌ವೀಲ್ ಜೋಡಿಸುತ್ತಾರೆ. ಮಸ್ಕಿ, ಲಿಂಗಸುಗೂರು ಕಡೆಯ ಎರೆ ಹೊಲಗಳಲ್ಲಿ ಲೆಕ್ಕವೇ ಬೇರೆ. ತೊಗರಿ, ಹತ್ತಿಯ ಸಾಲಿನ ನಡುವೆ ಗಾಲಿ ಹಾಯಬೇಕು, ಬೆಳೆ ತುಳಿಯಬಾರದು. ಅದಕ್ಕಾಗಿ ಹಿಂದಿನ ಗಾಲಿಯ ಡಿಸ್ಕನ್ನು ತಿರುವಿ ಹಾಕಿ ಎರಡು ಗಾಲಿಗಳ ನಡುವಿನ ಅಂತರವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಭಾರ ಎಳೆಯುವಾಗ ಗಾಲಿ ಜಾರದಿರಲಿ ಎಂದು ಹಿಂದಿನ ಟೈರಿನ ಮುಕ್ಕಾಲು ಭಾಗಕ್ಕೆ ನೀರು ತುಂಬಿಸುವುದೂ ಉಂಟು.

ಕೆಲಸ ನೋಡಿ ಗಾಲಿ ಆರಿಸುವ ಈ ಜ್ಞಾನ ಇಲ್ಲಿನ ರೈತನಿಗೆ ಕೈಬಂದ ವಿದ್ಯೆ. ‘13.6-28 ಕೊಡ್ರಿ’ ಎಂದು ಅಂಕಿಯಲ್ಲೇ ಟೈರು ಕೇಳುವವರು ಇವರು. ಆದರೆ ಅದೇ ಮನೆಯ ಅಂಗಳದಲ್ಲಿ ನಿಂತ ಕಾರಿಗೆ ಗಾಲಿ ಹಾಕಿಸುವಾಗ ಅಂಕಿ ಮರೆತು ಕಣ್ಣು ಮುಂದಾಗುತ್ತದೆ. ಹೊಳೆಯುವ ಅಲಾಯ್, ಅಗಲವಾದ ಟೈರು, ‘ಗಾಡಿ ಭಾರಿ ಕಾಣ್ತೈತಿ’ ಎಂಬ ಮಾತು. ಕಾಣುವುದು ತಪ್ಪಲ್ಲ. ಆದರೆ ಗಾಲಿ ಮೊದಲು ಕೂರಬೇಕು. ಅದನ್ನು ಕೂರಿಸುವ ವಿದ್ಯೆ ನಮ್ಮ ಹೆದ್ದಾರಿ ಬದಿಯ ಟೈರ್ ಅಂಗಡಿಗಳಲ್ಲಿದೆ. ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂಬುದು ನನ್ನ ಬಲವಾದ ನಂಬಿಕೆ.

ಕೆಲಸ ಬಲ್ಲ ಫಿಟ್ಟರ್ ಮೊದಲು ಹಳೆಯ ಟೈರನ್ನು ನೋಡುವುದಿಲ್ಲ. ಡ್ರೈವರ್ ಬಾಗಿಲು ತೆಗೆದು ಒಳಗಂಬದ ಮೇಲಿನ ಚೀಟಿ ಓದುತ್ತಾನೆ. ಕಂಪನಿ ಯಾವ ಸೈಜು ಕೊಟ್ಟಿತ್ತು, ಎಷ್ಟು ಹವಾ ಹೇಳಿತ್ತು ಎಂಬುದು ಅಲ್ಲಿರುತ್ತದೆ. ಗಾಡಿಗೆ ಈಗಿರುವ ಟೈರು ಹಿಂದಿನ ಮಾಲೀಕ ಮಾಡಿದ ತಪ್ಪೂ ಆಗಿರಬಹುದಲ್ಲ.

ಈ ಸೀಮೆಯಲ್ಲಿ ಹೆಜ್ಜೆಗೊಂದು ಕಾಣುವ ಸ್ವಿಫ್ಟ್, ಡಿಜೈರ್‌ಗಳನ್ನೇ ತೆಗೆದುಕೊಳ್ಳೋಣ. ಕೆಳ ಶ್ರೇಣಿಯ ಮಾದರಿಗಳಿಗೆ ಕಂಪನಿ ಹಾಕಿ ಕಳಿಸಿದ ಟೈರು 165/80 ಆರ್14. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕದ ಗೋಡೆಯ ಎತ್ತರ ಎಂಬುದು. ಆರ್ ಎಂದರೆ ರೇಡಿಯಲ್, 14 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಗುಣಿಸಿ ಕೂಡಿದರೆ ಗಾಲಿಯ ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್. ಮೇಲಿನ ಶ್ರೇಣಿಯ ಮಾದರಿಗೆ ಅದೇ ಕಂಪನಿ ಕೊಟ್ಟದ್ದು 185/65 ಆರ್15. ಅದರ ಎತ್ತರ 621.5. ರಿಮ್ ಒಂದು ಇಂಚು ದೊಡ್ಡದಾದರೂ ಗಾಲಿ ಬೆಳೆದದ್ದು ಎರಡು ಮಿಲಿಮೀಟರ್ ಮಾತ್ರ. ರಿಮ್ ಬೆಳೆದಷ್ಟು ರಬ್ಬರು ಕುಗ್ಗಬೇಕು, ಒಟ್ಟು ಎತ್ತರ ನಿಂತಲ್ಲೇ ನಿಲ್ಲಬೇಕು ಎಂಬುದೇ ಇಲ್ಲಿನ ಸೂತ್ರ. ಸ್ಪೀಡೋಮೀಟರು, ಎಬಿಎಸ್, ಗೇರಿನ ಲೆಕ್ಕ ಎಲ್ಲವೂ ಈ ಎತ್ತರವನ್ನು ನಂಬಿ ಕೂತಿವೆ.

16 ಇಂಚಿನ ಅಲಾಯ್ ಬೇಕೇಬೇಕು ಎನ್ನುವ ಹುಡುಗರಿಗೆ ಲೆಕ್ಕ ಬಲ್ಲ ಅಂಗಡಿ 195/55 ತೋರಿಸುತ್ತದೆ, ಎತ್ತರ 621ರ ಹತ್ತಿರ. ಲೆಕ್ಕವಿಲ್ಲದ ಅಂಗಡಿ 195/50 ಏರಿಸಿಬಿಡುತ್ತದೆ. ಆಗ ಎತ್ತರ 601ಕ್ಕೆ ಇಳಿದು, ಮೀಟರು ನೂರು ತೋರಿಸುವಾಗ ಗಾಡಿ ನೂರು ಓಡುತ್ತಿರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಪಕ್ಕದ ಗೋಡೆ. 14ರ ಟೈರಿನಲ್ಲಿ ಗುಂಡಿಗೂ ರಿಮ್ಮಿಗೂ ನಡುವೆ 132 ಮಿಲಿಮೀಟರ್ ರಬ್ಬರಿದೆ, 15ರಲ್ಲಿ 120, 16ರಲ್ಲಿ 107, ಆ 195/50ರಲ್ಲಿ ನೂರೂ ಇಲ್ಲ. ಎರೆ ಮಣ್ಣಿನ ಮೇಲೆ ಹಾಸಿದ ರಸ್ತೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಕಾಲುವೆ ಬದಿಯ ಕ್ಯಾಂಪ್ ರಸ್ತೆಗಳಲ್ಲಿ ಭತ್ತದ ಟ್ರೇಲರ್‌ಗಳೂ, ಡಾಂಬರಿನ ಮೇಲೆ ಬರಬಾರದ ಕೇಜ್‌ವೀಲ್‌ಗಳೂ ಗುಂಡಿ ತೋಡಿರುತ್ತವೆ. ಅಂಥ ಗುಂಡಿಗೆ ಬಿದ್ದ ತೆಳ್ಳಗಿನ ಟೈರು ಒಳದಾರ ಹರಿದು ಗುಳ್ಳೆ ಎದ್ದರೆ ರಿಪೇರಿಯಿಲ್ಲ, ಎಸೆಯಬೇಕು. ಈ ಮೂರು ತಾಲ್ಲೂಕಿನೊಳಗೆ ಓಡಾಡುವ ಕಾರಿಗೆ 14 ಅಥವಾ 15 ಸಾಕು. ಹೆಚ್ಚು ದುಡ್ಡು ಕೊಟ್ಟು ಕಡಿಮೆ ರಬ್ಬರು ಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಸೈಜಿನ ಹಿಂದೆ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತವೆ. ಕೊಳ್ಳುವವರು ಬಹುತೇಕ ಓದುವುದೇ ಇಲ್ಲ. 85ಟಿ ಎಂದಿದ್ದರೆ ಆ ಟೈರು 515 ಕೆಜಿ ಹೊರುತ್ತದೆ, ಗಂಟೆಗೆ 190 ಕಿಲೋಮೀಟರ್ ತಾಳುತ್ತದೆ. 82 ಎಂದಿದ್ದರೆ 475 ಕೆಜಿ. ಟೈರಿಗೆ 40ರಂತೆ ನಾಲ್ಕಕ್ಕೆ 160 ಕೆಜಿ ಕಡಿಮೆಯಾಯಿತು. ಅಂದರೆ ಸಿಂಧನೂರು ಮಾರ್ಕೆಟ್ಟಿನ 75 ಕೆಜಿ ಲೆಕ್ಕದ ಎರಡು ಚೀಲ ಭತ್ತದಷ್ಟು! ಜಾತ್ರೆಗೆ, ಮದುವೆಗೆ ಮನೆಮಂದಿಯನ್ನೆಲ್ಲ ಕೂರಿಸಿ ಡಿಕ್ಕಿಯಲ್ಲಿ ಅಕ್ಕಿ ಚೀಲ ಹಾಕುವ ನಮ್ಮ ಕಡೆ ಈ ಅಂಕಿ ಕಂಪನಿ ಕೊಟ್ಟದ್ದಕ್ಕಿಂತ ಇಳಿಯಲೇಬಾರದು.

ಹವಾದ ವಿಷಯ ಬಂದರೆ ಒಂದು ತಪ್ಪು ನಂಬಿಕೆಯನ್ನು ಗಟ್ಟಿಯಾಗಿ ಹೇಳಲೇಬೇಕು. ಬೇಸಿಗೆಯಲ್ಲಿ ಟೈರು ಸಿಡಿಯುತ್ತದೆಂದು ನಮ್ಮ ಡ್ರೈವರ್‌ಗಳು ಹವಾ ಇಳಿಸುತ್ತಾರೆ. ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ, ಭಯವೂ ಸಹಜ. ಆದರೆ ಹವಾ ಕಡಿಮೆಯಾದ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ, ಕಾದು ಕಾದು ಒಳಪದರ ಬಿಡುತ್ತದೆ. ಬಿಸಿಯಿಂದ ಒತ್ತಡ ಏರುವುದು ಪ್ರತಿ ಐದಾರು ಡಿಗ್ರಿಗೆ ಒಂದು ಪಿಎಸ್‌ಐ ಮಾತ್ರ, ಅದನ್ನು ತಾಳುವಂತೆಯೇ ಟೈರು ಮಾಡಿರುತ್ತಾರೆ. ಟೈರು ಸಿಡಿಯಲು ಹವಾ ಕಡಿಮೆಯಿರುವುದೇ ಒಂದು ಮುಖ್ಯ ಕಾರಣ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಚೀಟಿಯಲ್ಲಿ ಬರೆದಷ್ಟು ತುಂಬಿಸಿ ಬಿಡಬೇಕು. ಮಧ್ಯಾಹ್ನ ಗೇಜು ಹೆಚ್ಚು ತೋರಿಸಿತೆಂದು ಬಿಚ್ಚಬಾರದು.

ಇಷ್ಟು ಟೈರಿನ ಮಾತು. ರಿಮ್ ಬದಲಿಸುವವರು ಇನ್ನೂ ಎಚ್ಚರವಾಗಿರಬೇಕು. ಟೈರಿನ ಸೈಜು ಟೈರಿನ ಮೇಲೆ ದೊಡ್ಡದಾಗಿ ಬರೆದಿರುತ್ತದೆ, ರಿಮ್ಮಿನ ಅಳತೆ ಹಾಗೆ ಕಣ್ಣಿಗೆ ಬೀಳುವುದಿಲ್ಲ.

ಮೊದಲನೆಯದು ಬೋಲ್ಟಿನ ತೂತುಗಳು ಕೂತ ವೃತ್ತದ ವ್ಯಾಸ. ಅಂಗಡಿಯಲ್ಲಿ ಪಿಸಿಡಿ ಎನ್ನುತ್ತಾರೆ. ಸ್ವಿಫ್ಟ್, ಐ20, ಹೋಂಡಾ ಸಿಟಿಗಳದು ನಾಲ್ಕು ತೂತು, 100 ಮಿಲಿಮೀಟರ್. ಫೋರ್ಡ್‌ನ ಎಕೋಸ್ಪೋರ್ಟ್‌ಗೂ ನಾಲ್ಕೇ ತೂತು, ಆದರೆ 108. ಬೋಲ್ಟ್ ಒಂದೊಂದಕ್ಕೂ ನಾಲ್ಕು ಮಿಲಿಮೀಟರ್ ವ್ಯತ್ಯಾಸ, ಕಣ್ಣಿಗೆ ಗೊತ್ತಾಗುವುದೇ ಇಲ್ಲ. ತೂತು ಸಡಿಲವಿರುವ ಅಲಾಯ್ ಆದರೆ ಎಳೆದಾಡಿ ಹತ್ತಿಸಲೂ ಬರುತ್ತದೆ. ಹಾಗೆ ಹತ್ತಿದ ಗಾಲಿಯಲ್ಲಿ ನಟ್ಟಿನ ಮೂತಿ ಸೊಟ್ಟಗೆ ಕೂರುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ, ಇಲ್ಲವೇ ಬೋಲ್ಟ್ ತುಂಡಾಗುತ್ತದೆ. ನಾಲ್ಕು ತೂತಿನದಾದರೆ ಎದುರುಬದುರಿನ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದರೆ ಸಾಕು. ಐದು ತೂತಿನದಕ್ಕೆ ಎದುರು ತೂತು ಇರುವುದಿಲ್ಲ, ಅಕ್ಕಪಕ್ಕದ ಎರಡರ ಅಂತರವನ್ನು 0.588ರಿಂದ ಭಾಗಿಸಬೇಕು. ಇನೋವಾದಲ್ಲಿ ಆ ಅಂತರ 67ರ ಸುಮಾರಿಗೆ ಸಿಗುತ್ತದೆ, ಭಾಗಿಸಿದರೆ 114.3.

ಇನೋವಾ ಕ್ರಿಸ್ಟಾಗೂ 114.3, ಕ್ರೆಟಾಗೂ 114.3. ಹಾಗಾದರೆ ಒಂದರ ಗಾಲಿ ಇನ್ನೊಂದಕ್ಕೆ? ಎರಡನೆಯ ಅಳತೆಯಾದ ನಡುತೂತು ಅಡ್ಡ ಬರುತ್ತದೆ. ಕ್ರಿಸ್ಟಾದ ಹಬ್ 60.1 ಮಿಲಿಮೀಟರ್, ಕ್ರೆಟಾದ್ದು 67.1. ಕ್ರಿಸ್ಟಾದ ರಿಮ್ ಕ್ರೆಟಾಕ್ಕೆ ಏರುವುದೇ ಇಲ್ಲ. ಕ್ರೆಟಾದ ರಿಮ್ ಕ್ರಿಸ್ಟಾಕ್ಕೆ ಸಲೀಸಾಗಿ ಏರುತ್ತದೆ, ಆದರೆ ವ್ಯಾಸದಲ್ಲಿ ಏಳು ಮಿಲಿಮೀಟರ್ ಸಡಿಲ. ಗಾಲಿಯನ್ನು ನಟ್ಟನಡುವೆ ನಿಲ್ಲಿಸುವುದು ಹಬ್ಬಿನ ಆ ದುಂಡು ಮೂತಿ. ಅದು ತುಂಬಿ ಕೂರದಿದ್ದರೆ ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ 80 ದಾಟಿದಾಗ ಸ್ಟೀರಿಂಗ್ ನಡುಗುತ್ತದೆ. ಹಳೆಯ ಬಂಡಿಗಾಲಿಗೆ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಏರಿಸಿ, ನೀರೆರೆದು ಬಿಗಿಯುತ್ತಿದ್ದ ಕಮ್ಮಾರ ಹುಡುಕುತ್ತಿದ್ದದ್ದೂ ಕೂದಲೆಳೆಯಷ್ಟೂ ಸಂದಿಲ್ಲದ ಆ ಹಿಡಿತವನ್ನೇ. ಅಂಗಡಿಯಲ್ಲಿ ಸಿಗುವ ಅನೇಕ ಅಲಾಯ್‌ಗಳ ನಡುತೂತು ಎಲ್ಲ ಗಾಡಿಗೂ ಆಗಲಿ ಎಂದು 73.1ರಷ್ಟು ದೊಡ್ಡದಿರುತ್ತದೆ. ಅಂಥದ್ದನ್ನು ಕೊಂಡರೆ ಜೊತೆಗೆ ಸರಿಯಾದ ಅಳತೆಯ ಹಬ್ ರಿಂಗ್ ಕೇಳಿ ಹಾಕಿಸಲೇಬೇಕು. ಅಗ್ಗದ ಉಂಗುರ, ಅದಿಲ್ಲದಿದ್ದರೆ ದುಬಾರಿ ಗಾಲಿ ವ್ಯರ್ಥ.

ಮೂರನೆಯದು ಆಫ್‌ಸೆಟ್. ಕಾರಿನವರಿಗೆ ಇದು ಕಗ್ಗಂಟು, ಟ್ರ್ಯಾಕ್ಟರ್ ಬಲ್ಲವರಿಗೆ ಅಲ್ಲ. ಡಿಸ್ಕ್ ತಿರುವಿದಾಗ ಹಿಂದಿನ ಗಾಲಿ ಹೊರಕ್ಕೋ ಒಳಕ್ಕೋ ಸರಿಯುವುದು ಏಕೆ? ಹಬ್ಬಿಗೆ ಅಂಟುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ದೂರವಿದೆ ಎಂಬುದು ಬದಲಾಗುವುದರಿಂದ. ಕಾರಿನ ರಿಮ್ಮಿನ ಹಿಂಬದಿ ‘ಇಟಿ 45’ ಎಂದು ಕೊರೆದಿದ್ದರೆ ಆ ದೂರ 45 ಮಿಲಿಮೀಟರ್. ಐದೂವರೆ ಇಂಚು ಅಗಲದ ಇಟಿ 45 ರಿಮ್ ತೆಗೆದು ಏಳು ಇಂಚಿನ ಇಟಿ 35 ಹಾಕಿದರೆ ಗಾಲಿ ಹೊರಕ್ಕೆ 29 ಮಿಲಿಮೀಟರ್, ಒಳಕ್ಕೆ ಒಂಬತ್ತು ಚಾಚುತ್ತದೆ. ಹೊರಗೆ ಮಡ್‌ಗಾರ್ಡ್ ದಾಟಿ ಕೆಸರೆರಚುತ್ತದೆ, ಒಳಗೆ ಸಸ್ಪೆನ್ಷನ್‌ಗೆ ತಾಗಬಹುದು. ಟ್ರ್ಯಾಕ್ಟರ್ ಈ ಬದಲಾವಣೆಗೆಂದೇ ತಯಾರಾದದ್ದು, ನಿಧಾನಕ್ಕೆ ಓಡುವಂಥದ್ದು. ನೂರರ ವೇಗದ ಕಾರಿನಲ್ಲಿ ಗಾಲಿ ಹೊರಗೆ ಸರಿದಷ್ಟೂ ಬೇರಿಂಗ್ ಮೇಲೆ ಭಾರ ಬೀಳುತ್ತದೆ, ಗುಂಡಿಯ ಪೆಟ್ಟು ಸ್ಟೀರಿಂಗ್‌ಗೆ ನೇರವಾಗಿ ಬಡಿಯುತ್ತದೆ. ಸ್ಪೇಸರ್ ಹಾಕಿ ಗಾಲಿ ಹೊರದಬ್ಬುವುದೂ ಇದೇ ತಪ್ಪಿನ ಇನ್ನೊಂದು ರೂಪ.

ನಟ್ ಬಗ್ಗೆ ಯಾರೂ ಕೇಳುವುದಿಲ್ಲ. ಹೆಚ್ಚಿನ ಗಾಡಿಗಳ ನಟ್ಟಿಗೆ ಚೂಪು ಮೂತಿ, ಹೋಂಡಾಕ್ಕೆ ದುಂಡು ಮೂತಿ, ಟೊಯೋಟಾದ ಅನೇಕ ಅಲಾಯ್‌ಗಳಿಗೆ ಚಪ್ಪಟೆ ವಾಷರ್. ಕಂಪನಿಯ ಅಲಾಯ್ ತೆಗೆದು ಹೊರಗಿನದು ಹಾಕಿಸಿದಾಗ ಹಳೆಯ ನಟ್ಟನ್ನೇ ಬಿಗಿದರೆ ಥ್ರೆಡ್ ಕೂಡಿಕೊಂಡರೂ ಮೂತಿ ಕೂರುವುದಿಲ್ಲ. ‘ಏನೂ ಆಗಂಗಿಲ್ಲ ಬಿಡ್ರಿ’ ಎಂಬ ಮಾತನ್ನು ಈ ಒಂದು ಕಡೆ ಒಪ್ಪಲೇಬಾರದು.

ಟೈರಿನ ವಯಸ್ಸನ್ನೂ ನೋಡಬೇಕು. ಗೋಡೆಯ ಮೇಲೆ ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2324 ಎಂದರೆ 2024ರ 23ನೇ ವಾರ ಮಾಡಿದ್ದು. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವವರು ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಅಚ್ಚು, ಎಷ್ಟು ಉಳಿದಿದೆ ಎಂದಷ್ಟೇ ನೋಡುತ್ತಾರೆ. ಬಿಸಿಲಿಗೆ ನಿಂತು ಬಿರುಕು ಬಿಟ್ಟ ರಬ್ಬರಿಗೆ ಬಟನ್ ಇದ್ದೂ ಪ್ರಯೋಜನವಿಲ್ಲ. ಹತ್ತು ವರ್ಷ ದಾಟಿದ ಟೈರನ್ನು, ಸ್ಟೆಪ್ನಿಯನ್ನೂ ಸೇರಿಸಿ, ಬಿಸಾಡಿ ಎಂದು ಟೈರ್ ಕಂಪನಿಗಳೇ ಹೇಳುತ್ತವೆ. ಓಡುವ ಟೈರಿನ ಬಟನ್ ಆಳ 1.6 ಮಿಲಿಮೀಟರಿಗೆ ಇಳಿದರೆ ಅದರ ಆಯುಷ್ಯ ಮುಗಿಯಿತು. ಕಾರಿನ ಹೊಸ ಟೈರಿನ ಮೇಲೆ ಐಎಸ್ 15633 ಸಂಖ್ಯೆಯ ಐಎಸ್‌ಐ ಗುರುತು ಇರಲೇಬೇಕು. ಅಲಾಯ್ ಮೇಲೆ ಜೆಡಬ್ಲ್ಯುಎಲ್ ಅಚ್ಚು ಇದ್ದರೆ ಅದು ಜಪಾನಿನ ಪರೀಕ್ಷಾ ಮಾನದಂಡ ಸೂಚಿಸುವ ಗುರುತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಹೊರಚಾಚಿದ ಗಾಲಿಗೆ ಆಸೆಪಡುವವರು ಇದನ್ನೂ ನೆನಪಿಡಬೇಕು.

ನಮ್ಮ ಮೂರೂ ಊರುಗಳನ್ನು ಪೋಣಿಸಿದ 150ಎ ರಾಷ್ಟ್ರೀಯ ಹೆದ್ದಾರಿ ಜೇವರ್ಗಿಯಿಂದ ಹೊರಟು ಸಿರುಗುಪ್ಪ, ಬಳ್ಳಾರಿ ಹಾದು ಮೈಸೂರು ದಾಟಿ ಚಾಮರಾಜನಗರ ಮುಟ್ಟುತ್ತದೆ. ಅದೇ ಮೈಸೂರಿನಲ್ಲಿ ವಿಕ್ರಾಂತ್ ಟೈರು ತಯಾರಾಗುತ್ತಿತ್ತು, 1997ರಲ್ಲಿ ಆ ಕಂಪನಿ ಜೆಕೆ ಟೈರ್ ಪಾಲಾಯಿತು. ದಾರಿಯ ಒಂದು ತುದಿಗೆ ಟೈರು ಮಾಡುವ ಊರು, ಇನ್ನೊಂದು ತುದಿಗೆ ಟೈರು ಸವೆಸುವ ಊರುಗಳು. ಹಟ್ಟಿ ಗಣಿಯ ಪಾಳಿಗೆ ಹೋಗುವವರು, ಮಸ್ಕಿಯ ಅಶೋಕ ಶಾಸನ ನೋಡಲು ಬರುವವರು, ಅಕ್ಕಿ ಗಿರಣಿಗಳ ಲಾರಿಗಳು, ಎಲ್ಲರ ಗಾಲಿಯೂ ಈ ದಾರಿಯ ಅಂಗಡಿಗಳಲ್ಲೇ ಬಿಚ್ಚಿ ಕೂರಬೇಕು.

ಅಲ್ಲಿ ಕೊನೆಗೆ ಕೇಳುವ ಪ್ರಶ್ನೆ, ‘ಎರಡೇ ಹೊಸಾವು, ಮುಂದ ಹಾಕ್ಲ್ಯೋ ಹಿಂದ ಹಾಕ್ಲ್ಯೋ?’ ಮುಂದಕ್ಕೇ ಎನ್ನುವವರು ಹೆಚ್ಚು. ಹಿಂದಕ್ಕೆ ಹಾಕಿಸಿ. ಕೆಸರು ಮೆತ್ತಿದ ಒದ್ದೆ ರಸ್ತೆಯಲ್ಲಿ ಮುಂದಿನ ಗಾಲಿ ಜಾರಿದರೆ ಗಾಡಿ ನೇರಕ್ಕೆ ಜಾರುತ್ತದೆ, ಡ್ರೈವರ್‌ಗೆ ಸ್ಟೀರಿಂಗ್‌ನಲ್ಲೇ ಗೊತ್ತಾಗುತ್ತದೆ, ಕಾಲು ತೆಗೆದರೆ ಹಿಡಿತ ಮರಳುವ ಸಾಧ್ಯತೆ ಉಂಟು. ಹಿಂದಿನದು ಜಾರಿದರೆ ಗಾಡಿ ಬುಗುರಿಯಂತೆ ತಿರುಗಿಬಿಡುತ್ತದೆ.

ಹೊಸ ಗಾಲಿ ಕೂರಿಸಿದ ಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಬಿಡಬಾರದು. ನಟ್ಟನ್ನು ಎದುರುಬದುರಾಗಿ, ಅಳತೆಯ ಪಾನಾದಿಂದ ಬಿಗಿಯಬೇಕು. ಹವಾ ಯಂತ್ರದ ಗನ್ ಹಿಡಿದು ಪೂರ್ತಿ ಬಿಗಿದುಬಿಟ್ಟರೆ ಬೋಲ್ಟ್ ಎಳೆದುಹೋಗುತ್ತದೆ, ಮುಂದೆ ದಾರಿಯಲ್ಲಿ ಪಂಚರ್ ಆದಾಗ ಮನೆಯ ಪಾನಾಕ್ಕೆ ಜಗ್ಗುವುದೂ ಇಲ್ಲ. ಹೊಸ ರಿಮ್ ಮೊದಲ ನೂರು ಕಿಲೋಮೀಟರ್‌ನಲ್ಲಿ ಒಂದಿಷ್ಟು ಒತ್ತಿಕೊಂಡು ಕೂರುತ್ತದೆ, ನಟ್ ಕೊಂಚ ಸಡಿಲಾಗುತ್ತದೆ. ಸಿಂಧನೂರಿನಲ್ಲಿ ಹಾಕಿಸಿಕೊಂಡವರು ಮಸ್ಕಿ ದಾಟಿ ಲಿಂಗಸುಗೂರಿಗೆ ಒಮ್ಮೆ ಹೋಗಿಬಂದರೆ ಅಷ್ಟು ದೂರವಾಯಿತು. ಮರಳಿ ಬಂದಾಗ ಅದೇ ಅಂಗಡಿಯ ಮುಂದೆ ನಿಲ್ಲಿಸಿ, ಗಾಲಿ ತಣ್ಣಗಾದ ಮೇಲೆ ನಾಲ್ಕಕ್ಕೂ ಇನ್ನೊಮ್ಮೆ ಪಾನಾ ಹಿಡಿಸಿಕೊಂಡು ಮನೆಗೆ ಹೋಗಬೇಕು.